ಅರವತ್ತು ಅಕ್ಷರದ ಪೆಟ್ಟಿಗೆ

ನಾನು ಮೊದಲು ಕೆಲಸಕ್ಕೆ ಸೇರಿದ ಕಂಪನಿ ಹಾಲನ್ನು ತಣ್ಣಗಿಡುವ ದೊಡ್ಡ ಸ್ಟೀಲ್ ಟ್ಯಾಂಕುಗಳನ್ನು ಮಾಡುತ್ತಿತ್ತು. ನಕ್ಷೆ ಬರೆಯುವುದು ಪುಣೆಯ ಕಚೇರಿಯಲ್ಲಿ, ಟ್ಯಾಂಕು ಕಟ್ಟುವುದು ಬಾರಾಮತಿಯ ಶೆಡ್ಡಿನಲ್ಲಿ. ಎರಡರ ನಡುವೆ ಮೂರು ಗಂಟೆಯ ಹಾದಿ, ಗರಗರ ಎನ್ನುವ ಒಂದು ಫೋನ್ ಲೈನು, ದಿನಕ್ಕೊಮ್ಮೆ ಕಾಗದದ ಚೀಲ ಹೊತ್ತು ಓಡಾಡುವ ಒಂದು ಜೀಪು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಂಡಕಂಡ ಕಂಪನಿಗಳಿಗೆಲ್ಲ ಆಗ ಕಾಗದ ಕಡಿಮೆ ಮಾಡುವ ಹುಚ್ಚು ಹಿಡಿದಿತ್ತು. ನಮ್ಮ ಜನರಲ್ ಮ್ಯಾನೇಜರರಿಗೂ ಹಿಡಿಯಿತು. ಆ ಹುಚ್ಚಿನ ದೆಸೆಯಿಂದಲೇ ನನಗೆ ನೌಕರಿ ಸಿಕ್ಕಿದ್ದು. ಹಾಗಾಗಿ ನಾನು ಅದನ್ನು ಬೈಯುವಂತಿಲ್ಲ.

ಕಂಪ್ಯೂಟರ್ ವಿಭಾಗವೆಂದರೆ ಇಬ್ಬರೇ. ಮೈಸೂರಿನಿಂದ ಬಂದಿದ್ದ ನಮ್ಮ ಬಾಸ್, ಮತ್ತು ಪುಣೆಯದೇ ಖಡಕಿಯಿಂದ ಮೊಪೆಡ್ ಮೇಲೆ ಬರುತ್ತಿದ್ದ ನಾನು. ಇಬ್ಬರೂ ಕನ್ನಡದವರೇ. ಆದರೂ ಮೊದಲ ವಾರ ಅವರ ಕನ್ನಡ ನನಗೂ ನನ್ನ ಕನ್ನಡ ಅವರಿಗೂ ಸರಿಯಾಗಿ ಹತ್ತದೆ ಇಂಗ್ಲಿಷಿನಲ್ಲೇ ದಿನ ದೂಡಿದೆವು. ನಮ್ಮಪ್ಪ ವಿಜಾಪುರದ ಕಡೆಯವರು, ಖಡಕಿಯಲ್ಲಿ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಾನು ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಎರಡರಲ್ಲೂ ಬಾಯಿ ಜೋರಿದ್ದ ಮಗಳು ಕಂಪ್ಯೂಟರ್ ಕಲಿತ ಮೇಲೆ ಮಾತು ಕಡಿಮೆ ಮಾಡಿದಳೆಂದು ಅವ್ವ ಖುಷಿಯಾಗಿದ್ದಳು.

ನನಗೆ ಒಪ್ಪಿಸಿದ ಕೆಲಸ, ಪುಣೆ ಮತ್ತು ಬಾರಾಮತಿಯ ಜನ ಕಂಪ್ಯೂಟರಿನ ಮೂಲಕ ಒಬ್ಬರಿಗೊಬ್ಬರು ಸಂದೇಶ ಕಳಿಸುವ ವ್ಯವಸ್ಥೆ ಮಾಡುವುದು. ಅವ್ವನಿಗೆ ಇದನ್ನು ಹೇಳಿದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಮಂದಿ ಒಬ್ಬರಿಗೊಬ್ಬರು ಮಾತಾಡಾಕ ನೀ ಏನ ಮಾಡ್ತಿ ನಡುವ?"

"ಫಾರ್ಮ್ ಮಾಡ್ತೀನಿ. ಅದರಾಗ ತುಂಬಿದ್ರ ಆತು. ಎಲ್ಲಾ ನೆಟ್ಟಗ ಹೋಗ್ತದ."

"ಮಾತಿಗೆ ಫಾರ್ಮ್ ಅಂತ!" ಎಂದು ಅವಳು ಮತ್ತೆ ರೊಟ್ಟಿ ತಟ್ಟತೊಡಗಿದಳು.

ನಾನು ಮಾಡಿದ ಫಾರ್ಮಿನಲ್ಲಿ ಹನ್ನೊಂದು ಕಲಮುಗಳಿದ್ದವು. ಯಾರಿಂದ, ಯಾರಿಗೆ, ಯಾವ ವಿಭಾಗ, ನಕ್ಷೆಯ ಸಂಖ್ಯೆ, ವಿಷಯ, ಹೀಗೆ. ತುರ್ತು ಎಷ್ಟೆಂದು ಆರಿಸಲು ಸಾಧಾರಣ, ತುರ್ತು, ಅತಿ ತುರ್ತು ಎಂದು ಮೂರು ದರ್ಜೆ. ಎಲ್ಲದರ ಕೆಳಗೆ 'ಟಿಪ್ಪಣಿ' ಎಂಬ ಒಂದು ಪೆಟ್ಟಿಗೆ. ಹನ್ನೊಂದು ಕಲಮು ತುಂಬಿದ ಮೇಲೆ ಇನ್ನೇನು ಹೇಳುವುದು ಉಳಿದೀತು ಎಂದು ಆ ಪೆಟ್ಟಿಗೆಗೆ ಅರವತ್ತು ಅಕ್ಷರದಷ್ಟೇ ಜಾಗ ಕೊಟ್ಟೆ. ಆಗಿನ ಕಂಪ್ಯೂಟರುಗಳಲ್ಲಿ ಜಾಗವೂ ಕಡಿಮೆ, ಬಾರಾಮತಿಗೆ ಸಂದೇಶ ಒಯ್ಯುವ ಮೋಡೆಮ್ ಅಂತೂ ಎತ್ತಿನ ಗಾಡಿಯಂತಿತ್ತು. ಜಿಪುಣತನವೇ ಜಾಣತನ ಎಂದುಕೊಂಡಿದ್ದ ವಯಸ್ಸು ನನ್ನದು.

ಉದ್ಘಾಟನೆಯ ದಿನ ಜನರಲ್ ಮ್ಯಾನೇಜರರು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಅದರ ಮುಂದೆ ತೆಂಗಿನಕಾಯಿ ಒಡೆದರು. ಕಾಯಿಯ ನೀರು ಕೀಬೋರ್ಡಿನ ಮೇಲೆ ಬೀಳದಂತೆ ಬಾಸ್ ತಮ್ಮ ಕರವಸ್ತ್ರ ಹಿಡಿದು ನಿಂತಿದ್ದರು. ಎಲ್ಲರಿಗೂ ಪೇಢಾ ಹಂಚಿದ ಮೇಲೆ ಸಾಹೇಬರು ಆಜ್ಞೆ ಹೊರಡಿಸಿದರು. ಇನ್ನು ಮೇಲೆ ಪುಣೆ ಬಾರಾಮತಿ ನಡುವಿನ ಕೆಲಸದ ಮಾತೆಲ್ಲ ಕಂಪ್ಯೂಟರಿನಲ್ಲೇ. ಫೋನು ಗ್ರಾಹಕರಿಗೆ ಮಾತ್ರ.

ಮೊದಲ ವಾರದಲ್ಲೇ ವಿಚಿತ್ರಗಳು ಶುರುವಾದವು. ಸಾಧಾರಣ ಎಂಬ ದರ್ಜೆ ಯಾರಿಗೂ ಬೇಡವಾಯಿತು. ತಮ್ಮ ಮಾತು ಸಾಧಾರಣ ಎಂದು ಯಾರು ತಾನೇ ಒಪ್ಪಿಕೊಳ್ಳುತ್ತಾರೆ? ಗುರುವಾರದ ಕ್ಯಾಂಟೀನಿಗೆ ಸಾಬುದಾಣಿ ಖಿಚಡಿ ಬೇಕೆಂಬ ಮನವಿಯೂ ಅತಿ ತುರ್ತಾಗಿ ಬಂತು. ಇನ್ನೊಂದು ಚಾಳಿ ಇನ್ನೂ ವಿಚಿತ್ರ. ಸಂದೇಶ ಕಳಿಸಿದವರು ಎದ್ದು ಮಹಡಿ ಇಳಿದು ಹೋಗಿ, "ನಿಮಗೊಂದು ಸಂದೇಶ ಕಳಿಸಿದ್ದೇನೆ, ನೋಡಿದಿರಾ?" ಎಂದು ಕೇಳುತ್ತಿದ್ದರು. ಆ ಇನ್ನೊಬ್ಬರು, "ಇಲ್ಲ, ಏನು ಅದರಲ್ಲಿ?" ಎನ್ನುತ್ತಿದ್ದರು. ಇವರು ಬಾಯಲ್ಲೇ ಹೇಳಿಬಿಡುತ್ತಿದ್ದರು. ಜನಕ್ಕೆ ಅಭ್ಯಾಸವಾಗುವವರೆಗೆ ಹೀಗೇ ಎಂದು ನಾನೂ ಬಾಸೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು.

ಈ ದಿನಗಳಲ್ಲಿ ಕಚೇರಿಯಲ್ಲಿ ಕೈ ಖಾಲಿಯಾಗಿದ್ದವರು ಒಬ್ಬರೇ, ನಮ್ಮ ಟೆಲಿಫೋನ್ ಆಪರೇಟರ್. ಐವತ್ತರ ಹತ್ತಿರದ ಹೆಂಗಸು, ಕಲಬುರಗಿಯ ಕಡೆಯವರು. ಮದುವೆಯಾಗಿ ಪುಣೆಗೆ ಬಂದು, ಇಲ್ಲಿಯೇ ಮರಾಠಿ ಕಲಿತು, ಹದಿನೈದು ವರ್ಷದಿಂದ ಮೊದಲ ಮಹಡಿಯ ಮೂಲೆಯ ಕೋಣೆಯಲ್ಲಿ ಫೋನ್ ಬೋರ್ಡಿನ ಮುಂದೆ ಕೂತಿದ್ದರು. ಕಚೇರಿಗೆ ಬರುವ, ಕಚೇರಿಯಿಂದ ಹೋಗುವ ಪ್ರತಿ ಕರೆಯೂ ಅವರ ಕೈ ದಾಟಿಯೇ ಹೋಗಬೇಕು. ನಾನು ಒಮ್ಮೆ ಅವರ ಕೋಣೆಗೆ ಇಣುಕಿದಾಗ ಸ್ವೆಟರ್ ಹೆಣೆಯುತ್ತಿದ್ದರು.

"ಬರ್ರಿ, ಕೂಡ್ರಿ. ನಿಮ್ಮ ಡಬ್ಬಿ ಬಂದಾಗಿಂದ ನಂಗ ಭಾಳ ಆರಾಮ ಅದ" ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮೂರನೆಯ ವಾರ ಬಾರಾಮತಿಯಿಂದ ನಮ್ಮ ಕಚೇರಿಯ ಅಂಗಳಕ್ಕೆ ಲಾರಿಯಲ್ಲಿ ಮೂರು ಟ್ಯಾಂಕುಗಳು ಬಂದವು. ಇಳಿಸಿ, ಗೋಡೆಯ ಪಕ್ಕ ನಿಲ್ಲಿಸಿ, ಪರೀಕ್ಷೆಗೆಂದು ಪೈಪು ಜೋಡಿಸಲು ಹೋದ ಫಿಟ್ಟರ್ ತಲೆ ಕೆರೆದುಕೊಂಡ. ಹಾಲು ಹೊರಬರುವ ಬಾಯಿ ಬಲಗಡೆ ಇರಬೇಕಿತ್ತು, ಎಡಗಡೆ ಇತ್ತು. ಮೂರಕ್ಕೆ ಮೂರೂ ಟ್ಯಾಂಕುಗಳು ಮುನಿಸಿಕೊಂಡ ಮಕ್ಕಳ ಹಾಗೆ ಗೋಡೆಗೆ ಬಾಯಿ ಮಾಡಿ ನಿಂತಿದ್ದವು. ನೋಡಲು ಬಂದವರಲ್ಲಿ ನಾನೂ ಇದ್ದೆ. ನಗು ಬಂತು, ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತಪ್ಪು ಯಾರದೆಂದು ಹುಡುಕುವುದು ಕಷ್ಟವಾಗಲಿಲ್ಲ. ನಕ್ಷೆಯಲ್ಲೇ ಬಾಯಿ ಎಡಕ್ಕೆ ಬಿದ್ದಿತ್ತು. ಅದು ನಕ್ಷೆ ವಿಭಾಗದ ಕೈತಪ್ಪು. ಆದರೆ ಬಾರಾಮತಿಯ ಫೋರ್‌ಮನ್ ವರ್ಷಗಟ್ಟಲೆ ಇಂಥ ಟ್ಯಾಂಕು ಕಟ್ಟಿದವರು, ಅವರಿಗೆ ತಿಳಿಯಬೇಕಿತ್ತು, ಕೇಳಬೇಕಿತ್ತು ಎಂದು ನಕ್ಷೆ ವಿಭಾಗ ವಾದಿಸಿತು. ಕೇಳಲಿಲ್ಲ ಎನ್ನುವುದಕ್ಕೆ ಸಾಕ್ಷಿಯೂ ಇತ್ತು. ಅವರೇ ಕಳಿಸಿದ ಸಂದೇಶ. ಇಂಗ್ಲಿಷ್ ಅಕ್ಷರಗಳಲ್ಲಿ ಮರಾಠಿ ಬರೆದಿದ್ದರು: 'ನಕ್ಷೆ ಪ್ರಕಾರ ಬಾಯಿ ಎಡಕ್ಕೇ ಇಡುತ್ತಿದ್ದೇವೆ.' ಜನರಲ್ ಮ್ಯಾನೇಜರರು ಅದನ್ನು ಅಚ್ಚು ಹಾಕಿಸಿಕೊಂಡು, ಬಾಸನ್ನೂ ನನ್ನನ್ನೂ ಜೀಪಿನಲ್ಲಿ ಹತ್ತಿಸಿಕೊಂಡು ಬಾರಾಮತಿಗೆ ಹೊರಟರು. ನಮ್ಮನ್ನು ಕರೆದೊಯ್ದದ್ದು ವ್ಯವಸ್ಥೆ ಹೇಗೆ ಸಾಕ್ಷಿ ಇಡುತ್ತದೆಂದು ತೋರಿಸಲಿಕ್ಕೆ. ಕಬ್ಬಿನ ಹೊಲಗಳ ನಡುವೆ ಜೀಪು ಹೋಗುತ್ತಿದ್ದಾಗ ಸಾಹೇಬರು ಹಿಂದೆ ತಿರುಗಿ, "ಕಂಪ್ಯೂಟರ್ ಇದ್ದದ್ದಕ್ಕೆ ಸತ್ಯ ಸಿಕ್ಕಿತು" ಎಂದರು. ಬಾಸ್ ಕುಳಿತಲ್ಲೇ ಬೀಗಿದರು. ನಾನೂ ಬೀಗಿದೆ.

ಶೆಡ್ಡಿನ ಸಣ್ಣ ಆಫೀಸಿನಲ್ಲಿ ಸಭೆ. ಫೋರ್‌ಮನ್ ಒಳಗೆ ಬಂದರು. ನಲವತ್ತೈದು ದಾಟಿದ ಕುಳ್ಳಗಿನ ಮನುಷ್ಯ, ಬೆರಳುಗಳಲ್ಲಿ ವೆಲ್ಡಿಂಗಿನ ಸುಟ್ಟ ಕಲೆ. ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ಕೂಡಲು ಯಾರೂ ಹೇಳಲಿಲ್ಲ. ಸಾಹೇಬರು ಕಾಗದವನ್ನು ಮೇಜಿನ ಮೇಲೆ ತಳ್ಳಿ, ಇದು ನಿಮ್ಮದೇ ಸಂದೇಶ ತಾನೇ ಎಂದು ಮರಾಠಿಯಲ್ಲಿ ಕೇಳಿದರು.

ಅವರು ಕಾಗದವನ್ನು ಎತ್ತಿಕೊಂಡು ಓದಿದರು. ಹಿಂದೆ ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ.

"ಸಾಹೇಬ್, ನಾನು ಇನ್ನೂ ಬರೆದಿದ್ದೆ."

"ಇನ್ನೂ ಎಂದರೆ?"

"ಆದರೆ ಹಿಂದಿನ ಟ್ಯಾಂಕುಗಳಿಗೆಲ್ಲ ಬಲಕ್ಕಿತ್ತು, ಇದು ಸರಿಯೋ ತಪ್ಪೋ ತಿಳಿಸಿ ಎಂದು ಬರೆದಿದ್ದೆ. ಎರಡು ದಿನ ಕೆಲಸ ನಿಲ್ಲಿಸಿ ಕಾದೆ. ಉತ್ತರ ಬರಲಿಲ್ಲ. ಉತ್ತರ ಇಲ್ಲ ಅಂದರೆ ಸರಿ ಅಂತಲೇ ಅಂದುಕೊಂಡೆ."

"ಕಂಪ್ಯೂಟರ್ ಏನು ಮಾತನ್ನು ತಿಂದುಹಾಕುತ್ತದೆಯೇ?" ಎಂದು ಸಾಹೇಬರು ನಕ್ಕು ನಮ್ಮ ಕಡೆ ನೋಡಿದರು. ಬಾಸ್ ತಲೆಯಾಡಿಸಿ, "ಇಲ್ಲ ಸರ್, ಟೆಸ್ಟ್ ಮಾಡಿದ್ದೀವಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಆ ಹೊತ್ತಿಗೆ ನನಗೆ ನನ್ನ ಟಿಪ್ಪಣಿಯ ಪೆಟ್ಟಿಗೆ ನೆನಪಾಗಿತ್ತು. ಅಚ್ಚಾದ ಇನ್ನೊಂದು ಪ್ರತಿ ನನ್ನ ತೊಡೆಯ ಮೇಲಿತ್ತು. ಪೆನ್ಸಿಲ್ ತುದಿಯಿಂದ ಒಂದೊಂದೇ ಅಕ್ಷರ, ನಡುವಿನ ಖಾಲಿ ಜಾಗವನ್ನೂ ಸೇರಿಸಿ, ಎಣಿಸಿದೆ. ಅತ್ತ ಸಾಹೇಬರು ಜವಾಬ್ದಾರಿಯ ಬಗ್ಗೆ ಹೇಳುತ್ತಿದ್ದರು. ಎಣಿಕೆ ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದೆ. ಎರಡನೆಯ ಸಲವೂ ಅರವತ್ತು. ಅರವತ್ತನೆಯ ಅಕ್ಷರಕ್ಕೆ ಸರಿಯಾಗಿ ಒಂದು ವಾಕ್ಯ ಮುಗಿದಂತೆ ಕಾಣುತ್ತಿತ್ತು. ಅರ್ಧ ಪದದಲ್ಲಿ ಕತ್ತರಿಸಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ಅದೃಷ್ಟ ನೋಡಿ, 'ಆದರೆ' ಎಂಬ ಪದಕ್ಕೆ ಮುಂಚೆಯೇ ಕತ್ತರಿ ಬಿದ್ದಿತ್ತು. ಬರೆದವರ ಪ್ರಶ್ನೆ ಓದುವವರಿಗೆ ಉತ್ತರವಾಗಿ ತಲುಪಿತ್ತು. ಪರದೆಯ ಮೇಲೆ ಎಷ್ಟು ಬೇಕಾದರೂ ಬರೆಯಲು ಬಿಡುತ್ತಿದ್ದ ನನ್ನ ಪೆಟ್ಟಿಗೆ, ಕಳಿಸುವಾಗ ಮಾತ್ರ ಅರವತ್ತೇ ಅಕ್ಷರ ಕಳಿಸಿ, ಉಳಿದದ್ದನ್ನು ಸದ್ದಿಲ್ಲದೆ ಬಿಸಾಕುತ್ತಿತ್ತು. ಬಾಸ್ ಮತ್ತು ನಾನು ಪರೀಕ್ಷೆಗೆಂದು ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದೆಲ್ಲ 'ಹಲೋ', 'ಟೆಸ್ಟ್', 'ಚಹಾ?' ಇಂಥವೇ.

ಬಾಯಿ ತೆರೆಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಯೋಚನೆ ನನಗೆ ಬಂತು. ಬರಲಿಲ್ಲ ಎಂದರೆ ಸುಳ್ಳಾದೀತು. ಹೆಚ್ಚೆಂದರೆ ಅರ್ಧ ನಿಮಿಷ ಅದು ನನ್ನ ತಲೆಯಲ್ಲಿ ಕೂತಿತ್ತು. ಆ ಅರ್ಧ ನಿಮಿಷ ನಾನು ಫೋರ್‌ಮನ್ನರ ಕೈಯಲ್ಲಿದ್ದ ಟೋಪಿಯನ್ನೇ ನೋಡುತ್ತಿದ್ದೆ. ಅವರು ಅದರ ಅಂಚನ್ನು ನಿಧಾನವಾಗಿ ಸುತ್ತುತ್ತ, ಸುತ್ತಿದ್ದನ್ನು ಬಿಡಿಸುತ್ತ ನಿಂತಿದ್ದರು.

"ತಿನ್ನುತ್ತದೆ, ಸರ್" ಎಂದೆ.

ನನ್ನ ದನಿ ಎಷ್ಟು ಸಣ್ಣಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. "ಅರವತ್ತು ಅಕ್ಷರದ ಮೇಲೆ ಬರೆದದ್ದನ್ನು ಅದು ತಿನ್ನುತ್ತದೆ. ನಾನೇ ಹಾಗೆ ಮಾಡಿದ್ದು. ಇವರು ಬರೆದಿರುತ್ತಾರೆ. ತಪ್ಪು ನನ್ನದು."

ಸಾಹೇಬರು ತಾವೇ ಕಾಗದ ಎಳೆದುಕೊಂಡು ಬೆರಳಿಟ್ಟು ಎಣಿಸಿದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ಫೋರ್‌ಮನ್ನರಿಗೆ, "ಬಸಾ" ಎಂದರು. ಕೂಡ್ರಿ ಎಂದು. ಅಷ್ಟೇ. ಕ್ಷಮೆ ಕೇಳಲಿಲ್ಲ, ಆದರೆ ತಾವೇ ಕುರ್ಚಿ ಎಳೆದುಕೊಟ್ಟರು.

ಆಮೇಲೆ ಫೋರ್‌ಮನ್ ನಮಗೆಲ್ಲ ಚಹಾ ತರಿಸಿದರು. ನಾನು ಅವರ ಹತ್ತಿರ ಹೋಗಿ, ಪೆಟ್ಟಿಗೆಯನ್ನು ದೊಡ್ಡದು ಮಾಡುತ್ತೇನೆ, ಐನೂರು ಅಕ್ಷರ ಹಿಡಿಯುವಂತೆ ಮಾಡುತ್ತೇನೆ ಎಂದೆ. ಅವರು ಚಹಾ ಊದಿಕೊಂಡು ಕುಡಿಯುತ್ತ ಮರಾಠಿಯಲ್ಲಿ ಹೇಳಿದರು: "ದೊಡ್ಡದು ಯಾಕೆ, ತಾಯಿ? ಎರಡು ದಿನ ಕಾದೆನಲ್ಲ, ಆಗ ನನಗೆ ಬೇಕಿದ್ದದ್ದು ದೊಡ್ಡ ಪೆಟ್ಟಿಗೆ ಅಲ್ಲ. ನನ್ನ ಮಾತು ಅಲ್ಲಿ ಮುಟ್ಟಿತೋ ಇಲ್ಲವೋ, ಅದು ಗೊತ್ತಾಗಬೇಕಿತ್ತು. ಫೋನಿನಲ್ಲಾದರೆ ಮೇಡಂ ಹೇಳುತ್ತಿದ್ದರು."

ಮೇಡಂ ಎಂದರೆ ನಮ್ಮ ಆಪರೇಟರ್.

ವಾಪಸು ಬರುವಾಗ ಜೀಪಿನಲ್ಲಿ ಬಾಸ್ ಒಂದು ತಾಸು ಮುಖ ಊದಿಸಿಕೊಂಡಿದ್ದರು. ದಾರಿಯಲ್ಲಿ ಸಾಹೇಬರು ಯಾರನ್ನೋ ನೋಡಲು ಇಳಿದು ಹೋದಾಗ ಒಮ್ಮೆಲೇ ಶುರುಮಾಡಿದರು. "ನೀವು ಮೊದ್ಲು ನನಗೆ ಹೇಳ್ಬೇಕಿತ್ತು ಕಣ್ರೀ. ಮೀಟಿಂಗ್‌ನಲ್ಲಿ ಡೈರೆಕ್ಟಾಗಿ ಹಾಗೆ ಹೇಳ್ಬಿಟ್ರೆ ಹೇಗೆ? ನಾನು ಟೆಸ್ಟ್ ಮಾಡಿದ್ದೀವಿ ಅಂತ ಬೇರೆ ಹೇಳ್ಬಿಟ್ಟಿದ್ದೆ."

"ಸಾರಿ ಸರ್. ಹೊರಗ ಕರದು ಹೇಳೂದರಾಗ ಅವರಿಗೆ ಶಿಕ್ಷೆ ಆಗಿಬಿಡ್ತಿತ್ತು."

ಅವರು ಕಬ್ಬಿನ ಹೊಲದ ಕಡೆ ನೋಡುತ್ತ ಕೂತರು. ಬಹಳ ಹೊತ್ತಿನ ಮೇಲೆ, "ಅದೂ ನಿಜ ಅನ್ನಿ. ಸರಿ, ಈಗ ಏನ್ಮಾಡೋಣ?" ಎಂದರು. ಅವರ ಒಳ್ಳೆಯ ಗುಣ ಅದು. ಸಿಟ್ಟು ಮೂರು ತಾಸು ಮೀರಿ ಉಳಿಯುತ್ತಿರಲಿಲ್ಲ.

"ಒಂದು ತಿಂಗಳು ಆಪರೇಟರ್ ಬಾಜೂಕ ಕೂಡ್ತೀನಿ, ಸರ್" ಎಂದೆ.

ಫೋನಿನ ಮೇಲಿನ ನಿರ್ಬಂಧ ಮರುದಿನವೇ ರದ್ದಾಯಿತು. ನಾನು ಒಂದು ಸ್ಟೂಲ್ ಹೊತ್ತುಕೊಂಡು ಮೂಲೆಯ ಕೋಣೆಗೆ ಹೋದೆ. ಆಪರೇಟರ್ ತಮ್ಮ ಬುತ್ತಿಯ ಡಬ್ಬಿ ಸರಿಸಿ ಜಾಗ ಮಾಡಿಕೊಟ್ಟರು. ಏನು ಕಲಿಯಲು ಬಂದಿದ್ದೇನೆಂದು ಕೇಳಿದರು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತೇನೆ ಎಂದೆ.

"ಕೇಳ್ರಿ. ಆದ್ರ ಒಂದ ಮಾತು. ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಬೇಕ್ರಿ."

ಮೊದಲ ದಿನವೇ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಬಾರಾಮತಿಯಿಂದ ಯಾರು ಕರೆದರೂ ಆಪರೇಟರ್ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಮರಾಠಿಯಲ್ಲಿ ಕೇಳುತ್ತಿದ್ದರು, ನಮ್ಮ ಮಾತಿನಲ್ಲಿ ಹೇಳುವುದಾದರೆ, "ಕೆಲಸ ನಿಂತದೋ, ನಡದದೋ?" ನಿಂತಿದೆ ಎಂದರೆ, ಸಾಹೇಬರು ಸಭೆಯಲ್ಲಿದ್ದರೂ ಚೀಟಿ ಕಳಿಸಿ ಎಬ್ಬಿಸುತ್ತಿದ್ದರು. ನಡೆದಿದೆ ಎಂದರೆ, ಊಟವಾಗಲಿ ಎಂದು ಹೇಳಿ ಬರೆದಿಟ್ಟುಕೊಳ್ಳುತ್ತಿದ್ದರು. ಯಾರೂ ಇದರಲ್ಲಿ ಸುಳ್ಳು ಹೇಳುತ್ತಿರಲಿಲ್ಲ. ಅತಿ ತುರ್ತು ಎನ್ನಲು ಯಾರಿಗೂ ಸಂಕೋಚವಿಲ್ಲ. ಆದರೆ ಯಂತ್ರ ಓಡುವ ಸದ್ದು ಹಿಂದೆ ಕೇಳುತ್ತಿರುವಾಗ ಕೆಲಸ ನಿಂತಿದೆ ಎನ್ನುವುದು ಹೇಗೆ? ನಾನು ನನ್ನ ಮೂರು ದರ್ಜೆಗಳನ್ನು ಅವತ್ತೇ ಮನಸ್ಸಿನಲ್ಲಿ ಹೊಡೆದುಹಾಕಿದೆ.

ಇನ್ನೊಂದು ದಿನ ಅದೇ ಫೋರ್‌ಮನ್ನರ ಕರೆ ಬಂತು. ಆಪರೇಟರ್ ನಾಲ್ಕು ಮಾತು ಕೇಳಿಸಿಕೊಂಡು, ನಕ್ಷೆ ವಿಭಾಗಕ್ಕೆ ಜೋಡಿಸುವ ಮುಂಚೆ ಆ ವಿಭಾಗದವರಿಗೆ, "ಸಾವಕಾಶ ಕೇಳಿಸಿಕೊಳ್ಳಿ, ಅವರಿಗೆ ಏನೋ ಅನುಮಾನವಿದೆ" ಎಂದು ಮರಾಠಿಯಲ್ಲಿ ಹೇಳಿ ಕೊಟ್ಟರು. ಅನುಮಾನವಿದೆಯೆಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಅವರು 'ಪಣ' ಅಂತಾರ ನೋಡ್ರಿ. ಆದ್ರ ಅಂತ ಅರ್ಥ. ಆ ಪಣ ಅನ್ನೂದು ಉದ್ದ ಎಳದ್ರ ಒಳಗ ಇನ್ನೂ ಮಾತು ಉಳದದ ಅಂತ ತಿಳೀತದ. ಗಿಡ್ಡ ಅಂದ್ರ ಏನಿಲ್ಲ, ಚಟಕ್ಕ ಅಂದಿರ್ತಾರ."

ನನ್ನ ಪೆಟ್ಟಿಗೆ ಕತ್ತರಿಸಿದ್ದೂ ಅದೇ ಪದವನ್ನು. ಅವರಿಗೆ ಅದನ್ನು ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, "ಇರಲಿ ಬಿಡ್ರಿ. ನೀವ ಹೇಳಿದ್ರಿ ಅಂತ ಅವರು ನಂಗ ಹೇಳ್ಯಾರ" ಎಂದರು. ನಿರ್ಬಂಧ ಇನ್ನೂ ಇದ್ದರೂ ಬಾರಾಮತಿಯ ಆ ಸಭೆಯ ಸುದ್ದಿ ಫೋನಿನಲ್ಲಿ ಜೀಪಿಗಿಂತ ಮುಂಚೆ ಪುಣೆಗೆ ಮುಟ್ಟಿತ್ತು.

ಆ ತಿಂಗಳ ಕೊನೆಯಲ್ಲಿ ನಾನು ಬರೆದುಕೊಂಡದ್ದನ್ನೆಲ್ಲ ಅವರಿಗೆ ಓದಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ಹೂಂ, ಹೂಂ ಎನ್ನುತ್ತಿದ್ದರು. ನಡುವೆ ಒಂದು ಕರೆ ಬಂದು ಅವರು ಅತ್ತ ತಿರುಗಿದಾಗ ನನ್ನ ಓದು ತಾನಾಗಿ ನಿಂತಿತು. ವಾಪಸು ತಿರುಗಿ, "ಯಾಕ ನಿಂತ್ರಿ?" ಎಂದರು.

"ನೀವು ಹೂಂ ಅನ್ನಲಿಲ್ಲ."

ಅವರು ಈ ಸಲ ಜೋರಾಗಿ ನಕ್ಕರು. "ಹೌದಲ್ರೀ! ಸಣ್ಣವರಿದ್ದಾಗ ಕಥಿ ಕೇಳ್ತಿದ್ದಿವಿ, ಹೂಂ ಅನ್ನೂದು ಬಿಟ್ರ ನಮ್ಮಾಯಿ ಕಥಿ ನಿಲ್ಲಸ್ತಿದ್ಳು. ಮಲಕೊಂಡ್ರೇನು ಅಂತಿದ್ಳು. ನಿಮ್ಮ ಡಬ್ಬಿ ಹೂಂ ಅನ್ನಂಗಿಲ್ಲ ನೋಡ್ರಿ. ಅದಕ್ಕ ಮಂದಿ ಮೆಟ್ಟಿಲ ಇಳದು ಬಂದು ಕೇಳತಾರ."

ಹೀಗೆ ಎರಡನೆಯ ಸಲ ಕಟ್ಟಿದ ವ್ಯವಸ್ಥೆಯಲ್ಲಿ ಹನ್ನೊಂದು ಕಲಮುಗಳು ಹೋಗಿ ಮೂರು ಉಳಿದವು. ಯಾರಿಗೆ, ಏನು, ಕೆಲಸ ನಿಂತಿದೆಯೋ ನಡೆದಿದೆಯೋ. ಬರೆಯಲು ಬೇಕಾದಷ್ಟು ಜಾಗ. ಓದಿದವರಿಗೆ ಒತ್ತಲು ಕೆಳಗೆ ಮೂರು ಗುಂಡಿ. 'ನೋಡಿದೆ', 'ಮಾಡುತ್ತೇನೆ' ಎಂಬ ಎರಡು ಮೊದಲೇ ಹೊಳೆದಿದ್ದವು. ಮೂರನೆಯದಕ್ಕೆ 'ಆಗುವುದಿಲ್ಲ' ಎಂದು ಇಟ್ಟಿದ್ದೆ. ಆಪರೇಟರ್ ಅದನ್ನು ನೋಡಿದ ಕೂಡಲೇ ತಲೆಯಾಡಿಸಿದರು.

"ಇದನ್ನ ಯಾರೂ ಒತ್ತಂಗಿಲ್ರಿ. ಹಿರಿಯರಿಗೆ ಇಲ್ಲ ಅಂತ ಬರದು ಯಾರ ಕೊಡತಾರ? ಇಲ್ಲ ಅನ್ನೂದು ಬಾಯಿಲೇ ಹೇಳಬೇಕು, ಮೊದಲ ಆರಾಮ ಇದ್ದೀರೇನು ಅಂತ ಕೇಳಿ, ಆಮ್ಯಾಲ."

ಹಾಗಾಗಿ ಮೂರನೆಯ ಗುಂಡಿ 'ಬೋಲೂಯಾ' ಆಯಿತು. ಮಾತಾಡೋಣ ಎನ್ನುವುದಕ್ಕೆ ಮರಾಠಿ. ಅದನ್ನು ಒತ್ತಿದರೆ ಆಪರೇಟರ್ ಕೋಣೆಯ ಪರದೆಯಲ್ಲಿ ಇಬ್ಬರ ಹೆಸರೂ ಮೂಡುತ್ತಿತ್ತು, ಅವರು ಇಬ್ಬರಿಗೂ ಅನುಕೂಲ ನೋಡಿ ಫೋನ್ ಜೋಡಿಸಿಕೊಡುತ್ತಿದ್ದರು. ಕಾಗದವನ್ನೂ ಫೋನನ್ನೂ ಹೊರಹಾಕಲೆಂದು ಶುರುವಾದ ಕೆಲಸ ಫೋನಿನ ಕಡೆಗೇ ದಾರಿ ತೋರಿಸುವುದನ್ನು ಕಂಡು ಸಾಹೇಬರು ಹುಬ್ಬು ಗಂಟಿಕ್ಕಿದರು. ಬಾಸ್ ಎದ್ದು ನಿಂತು, "ಸರ್, ಒಂದು ತಿಂಗಳು ನೋಡಿ, ನಾನು ಜವಾಬ್ದಾರಿ" ಎಂದರು. ಅವರ ಮೇಲೆ ನನಗಿದ್ದ ಗೌರವ ಆವತ್ತು ಎರಡು ಪಟ್ಟಾಯಿತು. ಸಾಲದ್ದಕ್ಕೆ ಈ ಸಲ ಅವರು ಬಾರಾಮತಿಗೆ ಹೋಗಿ ಎರಡು ದಿನ ಕೂತು, ಜನರಿಂದ ಉದ್ದುದ್ದ ಸಂದೇಶ ಬರೆಸಿ ಪರೀಕ್ಷೆ ಮಾಡಿದರು. ವೆಲ್ಡರ್ ಒಬ್ಬರು ತಮ್ಮ ಮನೆಯ ಎಮ್ಮೆಯ ಇಡೀ ಚರಿತ್ರೆ ಬರೆದು ಕಳಿಸಿದರಂತೆ. ಒಂದಕ್ಷರ ಬಿಡದೆ ಪುಣೆಗೆ ಮುಟ್ಟಿತು.

ಜನ ಈ ಸಲ ಅದನ್ನು ಬಳಸಿದರು. ಬೋಲೂಯಾ ಎಂಬುದು ಕಚೇರಿಯ ಮಾತಿನಲ್ಲೇ ಸೇರಿಹೋಯಿತು. ಕ್ಯಾಂಟೀನಿನಲ್ಲಿ ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ, "ಮೂರನೇ ಗುಂಡಿ" ಎಂದು ಹೇಳಿ ತಪ್ಪಿಸಿಕೊಳ್ಳುವುದು ರೂಢಿಯಾಯಿತು.

ಎಲ್ಲವೂ ಸುಸೂತ್ರವಾಗಿತ್ತು ಎನ್ನಲಾರೆ. ಕೆಲವು ತಿಂಗಳ ಮೇಲೆ, ಯಾರು ಎಷ್ಟು ಬೇಗ 'ನೋಡಿದೆ' ಒತ್ತುತ್ತಾರೆ ಎಂಬ ಪಟ್ಟಿ ವಾರವಾರವೂ ತಮಗೆ ಬೇಕೆಂದು ಸಾಹೇಬರು ಕೇಳಿದರು. ಮಾಡಿಕೊಟ್ಟೆ. ಮಾಡುವುದು ಬಹಳ ಸುಲಭವಿತ್ತು, ಅದೇ ತೊಂದರೆ. ಪಟ್ಟಿಯ ಸುದ್ದಿ ಹರಡಿದ್ದೇ ತಡ, ಎಲ್ಲರೂ ಸಂದೇಶ ಬಂದ ಕ್ಷಣವೇ ಓದದೆ ಗುಂಡಿ ಒತ್ತತೊಡಗಿದರು. ಬಾರಾಮತಿಯಿಂದ ಫೋರ್‌ಮನ್ ಬೋಲೂಯಾ ಒತ್ತಿ ನನ್ನನ್ನೇ ಕರೆದರು. "ತಾಯಿ, ನೋಡಿದೆ ಅಂತ ಬರುತ್ತದೆ. ಆದರೆ ಯಾರೂ ನೋಡಿಲ್ಲ. ಇದಕ್ಕಿಂತ ಮೊದಲಿನದೇ ವಾಸಿ, ಆಗ ಕಾಯುವುದಾದರೂ ಗೊತ್ತಿತ್ತು" ಎಂದರು. ನಾನು ಸಾಹೇಬರ ಕೋಣೆಗೆ ಹೋಗಿ ಪಟ್ಟಿಯನ್ನು ನಿಲ್ಲಿಸೋಣ ಎಂದೆ. ಅವರು ಯಾಕೆಂದು ಕೇಳಿದರು. ಅವರ ಮೇಜಿನ ಕಂಪ್ಯೂಟರಿನಲ್ಲೇ ತೋರಿಸಿದೆ. ಆ ದಿನ ಬೆಳಿಗ್ಗೆ ಅವರೇ ಕಳಿಸಿದ್ದ ಸಂದೇಶಕ್ಕೆ ಎಂಟು ಜನ 'ನೋಡಿದೆ' ಎಂದಿದ್ದರು. ಆ ಎಂಟು ಜನರಲ್ಲಿ ಒಬ್ಬರು ರಜೆ ಹಾಕಿ ಊರಿಗೆ ಹೋಗಿದ್ದರು. ಅವರ ಪರವಾಗಿ ಪಕ್ಕದ ಮೇಜಿನವರು ಒತ್ತಿ ಉಪಕಾರ ಮಾಡಿದ್ದರು. ಸಾಹೇಬರು ಇದಕ್ಕೆ ಮಾತ್ರ ಹೊಟ್ಟೆತುಂಬ ನಕ್ಕರು. ಪಟ್ಟಿ ನಿಂತಿತು.

ಹೊಸ ಶತಮಾನ ಬಂದು ಐದಾರು ವರ್ಷಗಳಲ್ಲಿ ಎಲ್ಲ ಬದಲಾಯಿತು. ಪ್ರತಿ ಮೇಜಿಗೂ ನೇರ ಫೋನು ಬಂತು, ಎಲ್ಲರ ಜೇಬಿಗೂ ಮೊಬೈಲು ಬಂತು. ಮೂಲೆಯ ಕೋಣೆಯ ಬೋರ್ಡನ್ನು ಕಳಚಿ ಒಯ್ದರು. ಆಪರೇಟರಿಗೆ ಏನು ಕೆಲಸ ಕೊಡುವುದೆಂದು ಮೇಲಿನವರು ಚರ್ಚಿಸುತ್ತಿರುವಾಗಲೇ ಅವರು ತಾವಾಗಿ ಹೋಗಿ, ಗ್ರಾಹಕರ ದೂರು ಕೇಳುವ ವಿಭಾಗದಲ್ಲಿ ಕುರ್ಚಿ ಕೇಳಿ ಪಡೆದರು. "ಸಿಟ್ಟಾದ ಮಂದಿ ಕೂಡ ಮಾತಾಡೂದು ನಂಗ ರೂಢಿ ಅದ" ಎಂದರಂತೆ. ಆರು ತಿಂಗಳಲ್ಲಿ ಆ ವಿಭಾಗದ ಹುಡುಗಿಯರಿಗೆಲ್ಲ ಅವರೇ ಗುರು. ನಮ್ಮ ಸಂದೇಶದ ವ್ಯವಸ್ಥೆಯೂ ಮೂಲೆ ಸೇರಿತು. ಅದರ ಬದಲು ಕಂಪನಿ ಹೊರಗಿನಿಂದ ದೊಡ್ಡದೊಂದನ್ನು ಕೊಂಡಿತು. ನಾನು ಅಷ್ಟರಲ್ಲಿ ಪುಣೆಯ ಅಂಚಿನ ಹಿಂಜವಡಿಯ ಒಂದು ಕಚೇರಿಗೆ ಹೋಗಿ, ಮದುವೆಯಾಗಿ, ಅಲ್ಲೇ ಹತ್ತಿರದ ವಾಕಡದಲ್ಲಿ ಮನೆ ಮಾಡಿದ್ದೆ. ಹೊಸ ಕಚೇರಿಯಲ್ಲೂ ಇದೇ ಕೆಲಸ, ಜನ ಸೇರಿ ದುಡಿಯಲು ಬೇಕಾದ ಸಾಧನಗಳನ್ನು ಕಟ್ಟುವುದು. ಹೊಸದೊಂದು ಕೈಗೆತ್ತಿಕೊಂಡಾಗಲೆಲ್ಲ ಮೊದಲು ಒಂದು ತಿಂಗಳು ಬೇರೆಯವರ ಪಕ್ಕ ಕೂತು ಕೇಳುತ್ತೇನೆ ಎಂದರೆ ನನ್ನ ಹೊಸ ಸಹೋದ್ಯೋಗಿಗಳು ಗಡಿಯಾರ ನೋಡುತ್ತಿದ್ದರು. ಈಗೀಗ ನೋಡುವುದಿಲ್ಲ.

ಫೋರ್‌ಮನ್ ನಿವೃತ್ತರಾದಾಗ ಬಾರಾಮತಿಯಲ್ಲಿ ಸಮಾರಂಭ ಇಟ್ಟುಕೊಂಡರು. ಹಳೆಯ ನಂಟೆಂದು ನನಗೂ ಕರೆ ಬಂತು. ಬಾಸ್, ಆಪರೇಟರ್, ನಾನು, ಮೂವರೂ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದೆವು. ದಾರಿಯಲ್ಲಿ ಆಪರೇಟರ್ ಎರಡು ಸಲ ಸೀರೆಯ ನೆರಿಗೆ ಸರಿಮಾಡಿಕೊಂಡರು. ಯಾಕಿಷ್ಟು ಗಡಿಬಿಡಿ ಎಂದು ಕೇಳಿದೆ.

"ಅವರನ್ನ ನಾ ಇನ್ನೂ ನೋಡೇ ಇಲ್ರಿ."

ನಾನು ನಂಬಲಿಲ್ಲ. ಲೆಕ್ಕ ಹಾಕಿ ನೋಡಿದರೆ ನಿಜ. ಫೋರ್‌ಮನ್ ಪುಣೆಗೆ ಬಂದರೂ ಲಾರಿಯ ಜೊತೆ ನೇರ ಅಂಗಳಕ್ಕೆ ಬಂದು, ಟ್ಯಾಂಕು ಇಳಿಸಿ ಹೋಗಿಬಿಡುತ್ತಿದ್ದರು. ಇವರು ಬೋರ್ಡು ಬಿಟ್ಟು ಕೆಳಗಿಳಿಯುವಂತಿರಲಿಲ್ಲ. ಇಪ್ಪತ್ತು ವರ್ಷ ಹೆಚ್ಚುಕಡಿಮೆ ದಿನವೂ ಮಾತಾಡಿದ್ದರು. ಅವರಿಗೆ ನೆಗಡಿಯಾದರೆ ಇವರಿಗೆ ತಿಳಿಯುತ್ತಿತ್ತು, ಇವರ ಮಗಳ ಪರೀಕ್ಷೆಯ ಫಲಿತಾಂಶ ಅವರಿಗೆ ಮೊದಲು ತಿಳಿದಿತ್ತು.

ಸಭಾಂಗಣದಲ್ಲಿ ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಫೋರ್‌ಮನ್ ಕೆಳಗಿಳಿದು ಬಂದರು. ಬಾಸ್ ಪರಿಚಯ ಮಾಡಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಪರೇಟರ್ ಕೈಮುಗಿದು, "ನಮಸ್ಕಾರ" ಎಂದರು. ಅಷ್ಟು ಸಾಕಾಯಿತು.

"ಅರೇ, ಮೇಡಂ!" ಎಂದು ಅವರು ನಿಂತಲ್ಲೇ ನಿಂತರು.

ಪ್ರಯಾಣ ಹೇಗಾಯಿತು ಎಂದು ಅವರು ಕೇಳಿದರು. ಚೆನ್ನಾಯಿತು ಎಂದು ಇವರು ಹೇಳಿದರು. ಬಿಸಿಲು ಹೆಚ್ಚು ಎಂದರು ಅವರು. ಹೌದು ಎಂದರು ಇವರು. ನಾನೂ ಬಾಸೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಫೋರ್‌ಮನ್ನರ ಹೆಂಡತಿ ಕೈಯಲ್ಲಿ ಜಿಲೇಬಿಯ ತಟ್ಟೆ ಹಿಡಿದು ಬಂದು, ಆಪರೇಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮರಾಠಿಯಲ್ಲಿ ಹೇಳಿದರು:

"ನೀವೇನಾ? ಇಷ್ಟು ವರ್ಷ ಸಂಜೆ ಮನೆಗೆ ಬಂದರೆ ಮೇಡಂ ಹೀಗಂದರು, ಮೇಡಂ ಹಾಗಂದರು. ಎಂಥವಳೋ ತೆಳ್ಳಗಿನ ಹುಡುಗಿ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ನೀವು ನನ್ನ ಹಾಗೇ ಇದ್ದೀರಲ್ಲ!"

ಆಪರೇಟರ್ ನಕ್ಕ ನಗುವಿಗೆ ಸುತ್ತಲಿನವರೆಲ್ಲ ತಿರುಗಿ ನೋಡಿದರು. ಆಮೇಲೆ ಅವರೂ ಆ ಗಂಡಹೆಂಡಿರೂ ಕುರ್ಚಿ ಎಳೆದುಕೊಂಡು ಕೂತವರು ಏಳಲೇ ಇಲ್ಲ. ಬಸ್ಸಿನ ಹೊತ್ತಾಯಿತೆಂದು ಬಾಸ್ ಎರಡು ಸಲ ಕೈಗಡಿಯಾರ ತೋರಿಸಿದರು. ಮೂರನೆಯ ಸಲ ತೋರಿಸುವ ಹೊತ್ತಿಗೆ ಬಸ್ಸು ಹೋಗಿತ್ತು. ಮುಂದಿನದಕ್ಕೆ ಇನ್ನೂ ಒಂದೂವರೆ ತಾಸು. "ಹೋಗ್ಲಿ ಬಿಡಿ" ಎಂದು ಬಾಸ್ ಶೂ ಕಳಚಿ ಕಾಲು ಚಾಚಿದರು. ನಾನು ಎದ್ದು ಹೋಗಿ ಎಲ್ಲರಿಗೂ ಇನ್ನೊಂದು ಸುತ್ತು ಜಿಲೇಬಿ ತಂದೆ.